ಬೀಗ ಗಟ್ಟಿ, ಕಂಬ ಸುಳ್ಳು

ಬೆಳಗಿನ ಜಾವ ಐದು ಗಂಟೆ. ಬೊಗೊತಾ ನಗರದ ದಕ್ಷಿಣ ಭಾಗದ ಆಸ್ಪತ್ರೆಯೊಂದರ ಎದುರು ಮೈಕೊರೆಯುವ ಚಳಿ. ಉಣ್ಣೆಯ ಕಂಬಳಿ ಹೊದ್ದ ಹೆಂಗಸೊಬ್ಬಳು ಬೀದಿಯ ಕಬ್ಬಿಣದ ಕಂಬಗಳನ್ನು ಒಂದೊಂದಾಗಿ ತಬ್ಬಿ ಅಲುಗಿಸುತ್ತಿದ್ದಾಳೆ. ಆಮೇಲೆ ಮಂಡಿಯೂರಿ ಬುಡದ ಬಣ್ಣವನ್ನು ಉಗುರಿನಿಂದ ಕೆರೆದು ನೋಡುತ್ತಾಳೆ. ಹನ್ನೊಂದು ಕಂಬ ಮುಗಿದ ಮೇಲೆಯೇ ಎದೆಲ್ಮಿರಾ ಕಿಂತೇರೊ ತನ್ನ ತಳ್ಳುಗಾಡಿಯ ಟಾರ್ಪಾಲು ತೆಗೆಯುವುದು.

ಗಾಡಿಯ ತುಂಬ ಸೈಕಲ್ ಬೀಗಗಳು. ಹತ್ತೊಂಬತ್ತು ವರ್ಷಗಳಿಂದ ಇದೇ ಕಸುಬು. ಮೊದಲ ಬಸ್ಸಿಗೂ ಮುಂಚೆ ಕೆಲಸಕ್ಕೆ ಹಾಜರಾಗಬೇಕಾದ ಆಯಾಗಳು, ಅಡುಗೆಯವರು, ಕಾವಲುಗಾರರು ಸೈಕಲ್ ತುಳಿದೇ ಬರುತ್ತಾರೆ. ದಿನಕ್ಕೆ ನಲವತ್ತು ಸೈಕಲ್ಲಾದರೂ ಅವಳ ಕಣ್ಣಳತೆಯ ದೂರದಲ್ಲಿ ನಿಲ್ಲುತ್ತವೆ. ಕಾಯುವುದಕ್ಕೆ ಅವಳೇನೂ ತೆಗೆದುಕೊಳ್ಳುವುದಿಲ್ಲ.

ಹೊಸ ಕಾವಲುಗಾರ ಫ್ಲೊರೆಸ್ಮಿರೊ ತೆಳ್ಳನೆಯ ತಂತಿ ಬೀಗಕ್ಕೆ ಕೈ ಹಾಕುತ್ತಾನೆ.

"ಅದನ್ನ ಮುಟ್ಬೇಡ. ಎಷ್ಟು ಹೊತ್ತು ನಿಲ್ಲಿಸ್ತೀಯ?"

"ಹನ್ನೆರಡು ಗಂಟೆ ಅಕ್ಕಾ."

"ಹನ್ನೆರಡು ಗಂಟೆಗೆ ಈ ದಾರಾನಾ? ಇದು ಬೀಗ ಅಲ್ಲಪ್ಪ, ಜಡೆಗೆ ಕಟ್ಟೋ ರಿಬ್ಬನ್ನು. ಅಂಗಡಿ ಮುಂದೆ ಎರಡು ನಿಮಿಷ ನಿಲ್ಲಿಸೋರಿಗೆ ಇಟ್ಟಿದೀನಿ. ಈ ದಪ್ಪ ಕೊಕ್ಕೆ ಬೀಗ ತಗೋ. ಚೌಕಟ್ಟು, ಹಿಂದಿನ ಚಕ್ರ, ಎರಡೂ ಸೇರಿಸಿ ಹಾಕು. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದ್ರೆ ಸಂಜೆಗೆ ಚಕ್ರ ನಿಂಗೆ, ಸೈಕಲ್ ಅವ್ರಿಗೆ."

"ಯಾವ ಕಂಬಕ್ಕೆ ಹಾಕ್ಲಿ ಅಕ್ಕಾ? ನೀವೇ ತೋರ್ಸಿ."

"ಅದನ್ನ ಮಾತ್ರ ನನ್ನ ಕೇಳ್ಬೇಡ. ನೀನೇ ಅಲುಗಿಸಿ ನೋಡ್ಕೋ" ಎಂದು ಮುಖ ತಿರುಗಿಸುತ್ತಾಳೆ. ಹನ್ನೊಂದನ್ನೂ ಆಗತಾನೇ ಪರೀಕ್ಷಿಸಿದವಳು!

ಕಾರಣ ನೊಹೇಲಿಯಾ. ಆಸ್ಪತ್ರೆಯ ಹಾಸುಬಟ್ಟೆ ಒಗೆಯುತ್ತಿದ್ದ, ಗುಡ್ಡದ ಮೇಲಿನ ಕೇರಿಯ ಹೆಂಗಸು. ಕಳೆದ ಮಾರ್ಚಿನಲ್ಲಿ ಅವಳು ಹೊಸ ಸೈಕಲ್ ತಂದಾಗ ಗಾಡಿಯಲ್ಲಿದ್ದ ಅತಿ ಗಟ್ಟಿ ಬೀಗವನ್ನು ಎದೆಲ್ಮಿರಾಳೇ ಆರಿಸಿ ಕೊಟ್ಟಳು. ಗಾಡಿಯ ಪಕ್ಕದ ಕಂಬವನ್ನೂ ತೋರಿಸಿದಳು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ ಈ ಊರಿನ ಕಳ್ಳರು. ಆ ಕಂಬವನ್ನು ಅವರು ಮೊದಲೇ ಬುಡದಲ್ಲಿ ಕೊಯ್ದು, ಟೇಪು ಸುತ್ತಿ, ಬೂದು ಬಣ್ಣ ಬಳಿದು ನಿಲ್ಲಿಸಿದ್ದರು.

"ಮಧ್ಯಾಹ್ನ ನಗರಪಾಲಿಕೆಯವ್ರ ಥರ ಕಿತ್ತಳೆ ಅಂಗಿ ಹಾಕ್ಕೊಂಡು ಮೂರು ಜನ ಬಂದ್ರು. ಕಂಬ ಕಿತ್ತು ರಿಪೇರಿ ಮಾಡ್ಬೇಕು, ಸೈಕಲ್ ಸ್ವಲ್ಪ ಪಕ್ಕಕ್ಕೆ ಇಡ್ತೀವಿ ಅಮ್ಮಾ ಅಂದ್ರು. ನಾನು ಹೂಂ ಅಂದೆ. ಚಳಿ ಅಂತ ಅವ್ರಿಗೆ ಕಾಫೀನೂ ಕೊಟ್ಟೆ" ಎನ್ನುತ್ತಾಳೆ ಎದೆಲ್ಮಿರಾ. "ಗಿರಾಕಿ ಒಬ್ರಿಗೆ ಬೀಗ ತೋರ್ಸಿ ತಿರುಗಿದ್ರೆ ಕಂಬ ನೆಲದ ಮೇಲೆ ಬಿದ್ದಿತ್ತು. ಸೈಕಲ್ಲೂ ಇಲ್ಲ, ಬೀಗಾನೂ ಇಲ್ಲ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಈಗ ದಿನವೂ ಕಂಬ ಅಲುಗಿಸುವುದು ನಡೆದಿದೆ. ಅದರಿಂದ ನೊಹೇಲಿಯಾಳಿಗೆ ಏನೂ ಉಪಯೋಗವಾಗಲಿಲ್ಲ. ಸೈಕಲ್ಲಿಲ್ಲದೆ ಎರಡು ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಹೊತ್ತಾಗುತ್ತಿತ್ತು. ಮೂರನೆಯ ಸಲ ತಡವಾದಾಗ ಕೆಲಸದಿಂದ ತೆಗೆದರು. ಎದೆಲ್ಮಿರಾ ತನ್ನ ಹಳೆಯ ಸೈಕಲ್ಲನ್ನು ಅವಳಿಗೆ ಕೊಡಲೆಂದು ತಳ್ಳಿಕೊಂಡು ಗುಡ್ಡ ಹತ್ತಿದ ದಿನ ಆ ಮನೆಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದರು. ಎಲ್ಲಿಗೆ ಹೋದಳೆಂದು ಕೇರಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಿಮಗೇನು ಆಸೆಯಿದೆ ಎಂದು ಕೇಳಿದರೆ ಅವಳು ನೊಹೇಲಿಯಾಳ ಮಾತನ್ನೇ ಎತ್ತುತ್ತಾಳೆ.

"ಇಲ್ಲಿ ಎಲ್ರೂ ಕಳ್ಳರ ಭಯಕ್ಕೆ ಸೀಟು ಬಿಚ್ಕೊಂಡು ಒಳಗೆ ಹೋಗ್ತಾರಲ್ಲ, ಅವತ್ತು ಸಂಜೆ ಅವಳೂ ಸೀಟು ಕಂಕುಳಲ್ಲಿ ಇಟ್ಕೊಂಡು ಬಂದ್ಲು. ಕಂಬ ನೋಡಿದ್ಲು. ನನ್ನ ನೋಡಿದ್ಲು. 'ನಿಮ್ದೇನು ತಪ್ಪು ಬಿಡಿ ಅಕ್ಕಾ' ಅಂದು ಹಂಗೇ ನಡ್ಕೊಂಡು ಹೋದ್ಲು. ಎಲ್ಲಿದ್ರೂ ಒಂದ್ಸಲ ಬರ್ಲಿ. ಬಂದು ನಾಲ್ಕು ಜನರ ಮುಂದೆ ಬಾಯಿಗೆ ಬಂದ ಹಾಗೆ ಬೈಲಿ ನನ್ನ. ಅಷ್ಟು ಸಾಕು."