ಸಾವಿರದ ಒಂಬತ್ತು ಕುರ್ಚಿ

ಕೊಡಿಯಾಲ್‌ಬೈಲಿನ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಶಾಮಿಯಾನದವರು ಸಾವಿರದ ಒಂಬತ್ತು ಕುರ್ಚಿ ತಂದಿಳಿಸಿದ್ದರು. ಡ್ರೋನ್ ಫೋಟೋ ಉಂಟು, ಸಾಲುಗಳೆಲ್ಲ ಸಮ ಇರಬೇಕೆಂದು ಪ್ರಿನ್ಸಿಪಾಲರ ಹಟ. ಪಿ.ಟಿ. ಮಾಸ್ಟ್ರು ಬೆಳಗ್ಗಿನಿಂದ ಜೋಡಿಸುತ್ತಲೇ ಇದ್ದರು, ಸರಿಬರಲಿಲ್ಲ.

ಗಣಿತ ಕಲಿಸುವ ನಾನು ಸುಮ್ಮನಿರಬಹುದಿತ್ತು. ಇದು ಅವಿಭಾಜ್ಯ ಸಂಖ್ಯೆ ಮಾರಾಯ್ರೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ, ಬ್ರಹ್ಮ ಬಂದರೂ ಸಮ ಸಾಲು ಆಗದು ಎಂದು ಬಿಸಿಲಲ್ಲಿ ನಿಂತು ಹತ್ತು ನಿಮಿಷ ವಿವರಿಸಿದೆ.

ಅಟೆಂಡರ್ ಪೂರ್ತಿ ಕೇಳಿದ. ಆಮೇಲೆ ಒಂದು ಕುರ್ಚಿ ಎತ್ತಿ ಮಾವಿನ ಮರದ ಅಡಿಗೆ ಇಟ್ಟು, “ನೀವು ಇಲ್ಲಿ ಕೂತ್ಕೊಳ್ಳಿ ಸರ್” ಎಂದ.

ಉಳಿದವು ಇಪ್ಪತ್ತೆಂಟರಂತೆ ಮೂವತ್ತಾರು ಸಾಲಾದವು. ಫೋಟೋ ಚಂದ ಬಂದಿದೆ. ನಾನು ಅದರಲ್ಲಿ ಇಲ್ಲ.