ಕ್ಯಾರವಾನಿನ ಹಿಂದೆ ನಿಂತವನು

ಚಳಿಗಾಲ ಬಂತೆಂದರೆ ಮರುಭೂಮಿಯಂಚಿನ ನಮ್ಮ ಬಿಟರ್ ವೆಲ್‌ನಲ್ಲಿ ಬೆಳ್ಳಂಬೆಳಗ್ಗೆಯೇ ಕೂಗಾಟ ಶುರು. ಕೆಲಸದಿಂದ ನಿವೃತ್ತರಾಗಿ, ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಉತ್ತರಕ್ಕೆ ಹೊರಟ ಜನ ನನ್ನ ರಿಪೇರಿ ಶೆಡ್ಡಿನ ಮುಂದಿನ ಬಯಲಿನಲ್ಲಿ ತಂಗುತ್ತಾರೆ. ಮರುದಿನ ಹೊರಡುವ ಮುಂಚೆ ದೀಪಗಳ ಪರೀಕ್ಷೆ ಆಗಲೇಬೇಕು. ಒಬ್ಬರು ಕಾರಿನಲ್ಲಿ ಕೂತು ಗುಂಡಿ ಒತ್ತುತ್ತಾರೆ, ಇನ್ನೊಬ್ಬರು ಕ್ಯಾರವಾನಿನ ಹಿಂದೆ ನಿಂತು ಕೂಗುತ್ತಾರೆ. ಎಡ, ಸರಿ. ಬಲ, ಸರಿ. ಬ್ರೇಕ್, ಸರಿ. ಗಂಡ ಹೆಂಡಿರ ಜಗಳ ಅರ್ಧ ಹುಟ್ಟುವುದು ಇಲ್ಲೇ. ಎಡ ಎಂದರೆ ಯಾರ ಎಡ ಎಂಬ ಪ್ರಶ್ನೆಗೆ ಮಾತು ಬಿಟ್ಟು, ಮುಂದಿನ ಊರಿನವರೆಗೂ ಮುಖ ಊದಿಸಿಕೊಂಡು ಹೋದವರನ್ನು ನಾನೇ ಕಂಡಿದ್ದೇನೆ.

ಆದರೆ ಲೈಲ್ ಮತ್ತು ಏವಿಸ್ ಹೊರಡುವ ಬೆಳಗ್ಗೆ ಇಡೀ ಬಯಲು ಸುಮ್ಮನಾಗುತ್ತದೆ. ಜನ ಟೀ ಮಗ್ಗು ಹಿಡಿದವರು ಹಿಡಿದ ಹಾಗೆಯೇ ನಿಲ್ಲುತ್ತಾರೆ. ಮೊದಲ ಸಲ ನೋಡಿದವರು ಕಿಸಕ್ಕೆಂದು ನಗುತ್ತಾರೆ, ಆಮೇಲೆ ಅವರೂ ನಗು ನಿಲ್ಲಿಸುತ್ತಾರೆ. ಈ ಒಣ ನೆಲದಲ್ಲಿ ನಾನು ಬೇಕಾದಷ್ಟು ವಿಚಿತ್ರ ನೋಡಿದವನು, ಸುಲಭಕ್ಕೆ ಬೆರಗಾಗುವ ಆಸಾಮಿ ಅಲ್ಲ. ಆದರೂ ಲೈಲ್ ಕ್ಯಾರವಾನಿನ ಹಿಂದೆ ಹೋಗಿ ನಿಂತಾಗ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಯಾಕೆ ಎಂದು ಹೇಳಬೇಕಾದರೆ ಅವರು ಮೊದಲ ಸಲ ಬಂದ ವರ್ಷಕ್ಕೇ ಹೋಗಬೇಕು.

ಲೈಲ್ ಟ್ರೆಗೆಂಜಾ ದಕ್ಷಿಣದ ವಾಲರೂ ಎಂಬ ಬಂದರಿನವನು. ಮೀನುಗಾರರ ದೋಣಿಗಳಿಗೆ ವಿದ್ಯುತ್ ತಂತಿ ಹಾಕುವುದೇ ಅವನ ಜೀವಮಾನದ ಕೆಲಸ. ಉದ್ದನೆಯ ಆಳು, ಬೆರಳುಗಳು ಮರದ ಬೇರಿನಂಥವು. ಹೆಂಡತಿ ಏವಿಸ್ ಅದೇ ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಗಿಡ್ಡ, ಚುರುಕು, ಮಾತು ಕತ್ತರಿ. ಇಬ್ಬರಿಗೂ ಒಂದೇ ಆಸೆ. ಉತ್ತರದ ಐರ್ ಸರೋವರ ವರ್ಷಗಟ್ಟಲೆ ಬರೀ ಉಪ್ಪಿನ ಬಯಲಾಗಿ ಬಿದ್ದಿರುತ್ತದಲ್ಲ, ಅದು ಒಮ್ಮೆ ತುಂಬಿದಾಗ ನೋಡಬೇಕು. ಆ ವರ್ಷ ದೂರದ ಮಳೆಯ ನೀರು ಇಳಿದು ಬಂದು ಸರೋವರ ತುಂಬಿತು. ಎಲ್ಲಿಂದಲೋ ಪೆಲಿಕನ್ ಹಕ್ಕಿಗಳೂ ಬಂದಿಳಿದವು ಎಂದು ರೇಡಿಯೋದಲ್ಲಿ ಹೇಳಿದರು. ಲೈಲ್‌ನ ಕಣ್ಣು ಆಗಲೇ ಹೋಗುತ್ತಿತ್ತು. ನೋಟದ ನಡುಭಾಗ ಅಳಿಸಿಹೋಗಿ ಅಂಚು ಮಾತ್ರ ಉಳಿಯುವ ಕಾಯಿಲೆ, ಮದ್ದಿಲ್ಲ. ಸ್ಟಿಯರಿಂಗು ಏವಿಸ್‌ಳ ಕೈಗೆ ಬಂತು. ಕ್ಯಾರವಾನ್ ಎಳೆಯುವುದನ್ನು ಅವಳು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತಳು. ಲೈಲ್‌ಗೆ ಉಳಿದದ್ದು ಹಿಂದೆ ನಿಂತು ಕೂಗುವ ಕೆಲಸ ಒಂದೇ.

ಅವತ್ತು ಮಧ್ಯಾಹ್ನ ಅವರ ಕ್ಯಾರವಾನ್ ನನ್ನ ಬಯಲಿಗೆ ಬಂದು ನಿಂತಾಗ ಏವಿಸ್‌ಳ ಮುಖ ಬಿಳುಚಿಕೊಂಡಿತ್ತು. ಮಣ್ಣುರಸ್ತೆಯ ಇಳಿಜಾರಿನಲ್ಲಿ ಅವಳು ಬ್ರೇಕ್ ಒತ್ತಿದಾಗ ಕ್ಯಾರವಾನ್ ನಿಲ್ಲುವ ಬದಲು ಕಾರನ್ನೇ ಹಿಂದಿನಿಂದ ತಳ್ಳಿತ್ತು. ಅದೇ ಹೊತ್ತಿಗೆ ಹಿಂದೆ ಮೂರು ಡಬ್ಬಿ ಎಳೆದುಕೊಂಡು ಬರುತ್ತಿದ್ದ ಲಾರಿಯವನು ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದಲ್ಲಿ ಕರೆದಿದ್ದ. ಅವನ ಮಾತನ್ನು ಅವಳು ನನಗೆ ಹಾಗೆ ಹಾಗೇ ಒಪ್ಪಿಸಿದಳು: "ಮುಂದೆ ಹೋಗ್ತಿರೋ ಬಿಳಿ ಕ್ಯಾರವಾನಿನೋರೇ, ನಿಮ್ಮ ಹಿಂದೆ ಒಂದು ದೀಪಾನೂ ಹತ್ತುತಾ ಇಲ್ಲ. ನೀವು ನಿಧಾನ ಮಾಡಿದ್ದು ನನಗೆ ಗೊತ್ತಾಗಿದ್ದು ನಿಮ್ಮ ಧೂಳು ನೋಡಿ."

ದೀಪವೂ ಬ್ರೇಕೂ ಒಟ್ಟಿಗೇ ಹೋದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಕ್ಯಾರವಾನಿನ ಬ್ರೇಕೂ ಕರೆಂಟಿನದೇ, ಕಾರಿನಿಂದ ಅದಕ್ಕೆ ಎರಡೂ ಹೋಗುವುದು ಒಂದೇ ಪ್ಲಗ್ಗಿನ ಮೂಲಕ. ಈ ಪ್ಲಗ್ಗಿನ ವಿಷಯಕ್ಕೆ ನಮ್ಮಲ್ಲಿ ಸಂಜೆ ಬಿಯರ್ ಹಿಡಿದು ಕೂತಾಗ ಆಗುವಷ್ಟು ಜಗಳ ಚುನಾವಣೆಗೂ ಆಗುವುದಿಲ್ಲ. ದುಂಡನೆಯದು ಒಳ್ಳೆಯದೆಂದು ಒಬ್ಬ, ಚಪ್ಪಟೆಯದೆಂದು ಇನ್ನೊಬ್ಬ, ಏಳು ಪಿನ್ನು ಸಾಕೆಂದು ಒಬ್ಬ, ಹನ್ನೆರಡು ಬೇಕೆಂದು ಮತ್ತೊಬ್ಬ. ನನ್ನನ್ನು ಕೇಳಿದರೆ ಚಪ್ಪಟೆಯದೇ ಸರಿ. ಉಲ್ಟಾ ತೂರಿಸಲು ಬರುವುದಿಲ್ಲ, ಮೇಲೆ ಸ್ಪ್ರಿಂಗಿನ ಮುಚ್ಚಳ ತಾನೇ ಬಂದು ಕಚ್ಚಿಕೊಳ್ಳುತ್ತದೆ. ಏಳೋ ಹನ್ನೆರಡೋ ಎನ್ನುವುದು ನಿಮ್ಮ ಗಾಡಿಗೆ ಬಿಟ್ಟದ್ದು. ಫ್ರಿಜ್ಜಿಗೆ ಮಾತ್ರ ದಪ್ಪ ತಂತಿಯ ಬೇರೆ ಪ್ಲಗ್ಗು ಹಾಕಿ, ದೀಪದ ತಂತಿಗೆ ಆ ಹೊರೆ ಹೊರಿಸಬೇಡಿ. ಲೈಲ್ ಆರಿಸಿಕೊಂಡದ್ದೂ ಚಪ್ಪಟೆಯದನ್ನೇ. ಆರಿಸುವುದರಲ್ಲಿ ಅವನು ತಪ್ಪಿರಲಿಲ್ಲ, ಕಾಪಾಡುವುದರಲ್ಲಿ ತಪ್ಪಿದ್ದ.

ನಾನು ಬಗ್ಗಿ ನೋಡಿದರೆ ಪ್ಲಗ್ಗಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲೆ ಕರಿ ಟೇಪು ಸುತ್ತಿ, ಮತ್ತೆ ಇನ್ನೊಂದು ಚೀಲ ಕಟ್ಟಿತ್ತು. ನನಗೆ ಪಿತ್ತ ನೆತ್ತಿಗೇರಿತು. ಕಡಲ ದಂಡೆಯ ಜನ ಮಾಡುವ ಕೆಲಸವೇ ಇದು. ದೋಣಿಯಲ್ಲಿ ಉಪ್ಪುನೀರು ಹೊರಗಿನಿಂದ ಬರುತ್ತದೆ, ಅದಕ್ಕೆ ಎಲ್ಲವನ್ನೂ ಬಿಗಿಯಾಗಿ ಸುತ್ತಿಡುತ್ತಾರೆ. ಇಲ್ಲಿ ರಾತ್ರಿ ಕೊರೆಯುವ ಚಳಿ, ಹಗಲು ಸುಡುವ ಬಿಸಿಲು. ಗಾಳಿಯಾಡದ ಚೀಲದೊಳಗೆ ಪ್ಲಗ್ಗು ತಾನೇ ಬೆವರುತ್ತದೆ. ಬಿಚ್ಚಿದಾಗ ಒಳಗಿಂದ ನೀರು ತೊಟ್ಟಿಕ್ಕಿತು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಒಂದು ಪಿನ್ನು ನಾನು ಮುಟ್ಟಿದ್ದೇ ಮುರಿದು ಕೈಗೆ ಬಂತು. ಅಷ್ಟು ಅಕ್ಕರೆಯಿಂದ ಕೊಂದ ಪ್ಲಗ್ಗನ್ನು ನಾನು ಬೇರೆಲ್ಲೂ ನೋಡಿಲ್ಲ.

ಏವಿಸ್ ನನ್ನ ಕೈಯಲ್ಲಿದ್ದ ಆ ಹಸಿರು ಚೂರನ್ನು ನೋಡಿದಳು. ಇದು ಇವತ್ತು ಆದದ್ದಲ್ಲ ಅಲ್ಲವೇ ಎಂದು ಕೇಳಿದಳು. ಅಲ್ಲ, ದೀಪಗಳು ಸತ್ತು ಕೆಲವು ದಿನಗಳೇ ಆಗಿರಬೇಕು ಎಂದೆ. ಹೇಳಿದ ಮೇಲೆ ಅವಳು ಗಂಡನ ಕಡೆ ತಿರುಗಿದ್ದು ಕಂಡು ನಾಲಿಗೆ ಕಚ್ಚಿಕೊಂಡೆ.

"ಬೆಳಗ್ಗೆ ನೀನು ಸರಿ ಅಂದೆಯಲ್ಲ ಲೈಲ್. ನಿನ್ನೆನೂ ಸರಿ ಅಂದೆ."

ಅವನು ತನ್ನ ಬೂಟಿನ ಕಡೆ ಮುಖ ಮಾಡಿದ. "ಕಾಣಲಿಲ್ಲ ಕಣೇ," ಎಂದ. "ಮನೆ ಬಿಟ್ಟಾಗಿನಿಂದಲೂ ಕಾಣಲಿಲ್ಲ. ಅದೊಂದೂ ಆಗಲ್ಲ ಅಂದ್ರೆ ನಾನು ಈ ಗಾಡೀಲಿ ಇನ್ನೊಂದು ಸೂಟ್‌ಕೇಸು, ಅಷ್ಟೇ."

ಏವಿಸ್ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ನಿನ್ನ ಕಣ್ಣಿಲ್ಲದಿದ್ರೂ ನಾನು ಬಾಳ್ತೀನಿ," ಎಂದಳು, "ಆದರೆ ನಿನ್ನ ಸುಳ್ಳು 'ಸರಿ' ನಂಬಿಕೊಂಡು ಗಾಡಿ ಓಡಿಸೋಕೆ ನನ್ನಿಂದಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ, ಮನೆಗೆ ಮರಳುವಷ್ಟು ಮಟ್ಟಿಗೆ ರಿಪೇರಿ ಮಾಡಿಕೊಡು ಎಂದಳು. ಸರೋವರಕ್ಕೆ ಹೋಗುವುದಿಲ್ಲ, ಊರು ಸೇರಿದ ಮೇಲೆ ಕ್ಯಾರವಾನನ್ನೂ ಮಾರಿಬಿಡುತ್ತೇವೆ ಎಂದು ಸೇರಿಸಿದಳು.

ಸಂಜೆಯೊಳಗೆ ಹೊಸ ಚಪ್ಪಟೆ ಪ್ಲಗ್ಗು ಹಾಕಿದೆ. ಪಿನ್ನುಗಳಿಗೆ ತೆಳುವಾಗಿ ಗ್ರೀಸು ಸವರಿದೆ. ತಂತಿ ತಿರುವಿನಲ್ಲಿ ಜಗ್ಗದಷ್ಟು ಸಡಿಲ, ನೆಲಕ್ಕೆ ತಾಗದಷ್ಟು ಬಿಗಿ ಇರುವಂತೆ ಕಟ್ಟಿದೆ. ಕ್ಯಾರವಾನಿನ ಮೂತಿಯ ಮೇಲೆ ತಂತಿಯಿಲ್ಲದ ಖಾಲಿ ಸಾಕೆಟ್ಟೊಂದನ್ನು ಕೂರಿಸಿದೆ. ಗಾಡಿ ಬಿಚ್ಚಿದಾಗ ಪ್ಲಗ್ಗನ್ನು ಅದರಲ್ಲಿ ಸಿಕ್ಕಿಸಿದರೆ ಸಾಕು, ಧೂಳೂ ಇಲ್ಲ, ಕಣಜದ ಹುಳು ಬಂದು ಮಣ್ಣಿನ ಗೂಡು ಕಟ್ಟುವ ಕಾಟವೂ ಇಲ್ಲ. ಬ್ರೆಡ್ಡಿನ ಚೀಲವನ್ನು ಲೈಲ್‌ನ ಕೈಯಲ್ಲೇ ಕಸದ ಡಬ್ಬಿಗೆ ಹಾಕಿಸಿದೆ.

ಮರುದಿನ ಬೆಳಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಅವನು ಹೊರಗೆ ನಿಂತಿದ್ದ. ರಾತ್ರಿಯಿಡೀ ಕಣ್ಣು ಮುಚ್ಚಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಹಳೇ ದೀಪ ಇದೆಯೇನೋ ಮಾರಾಯ, ನಿನ್ನ ಹತ್ತಿರ?" ಎಂದ. "ಒಳಗೆ ತಂತಿ ಉರಿದು ಬಿಸಿಯಾಗ್ತಾವಲ್ಲ, ಅಂಥವು."

ನನಗೆ ಅರ್ಥವಾಗಲಿಲ್ಲ. ಆ ದೀಪಗಳನ್ನು ಈಗ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದ್ದು ಎಲ್ಇಡಿ. ಬಿಸಿಯಾಗುವುದಿಲ್ಲ, ಕುಲುಕಾಟಕ್ಕೆ ಹಾಳಾಗುವುದಿಲ್ಲ, ಕರೆಂಟು ಕಡಿಮೆ. ಲೈಲ್‌ನ ಕ್ಯಾರವಾನಿನಲ್ಲಿದ್ದವೂ ಅವೇ. ಅವನು ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದ. ಆಗ ಹೊಳೆಯಿತು. ನನ್ನ ಕಸುಬಿನಲ್ಲಿ ದೀಪದ ಬಿಸಿ ಎಂದರೆ ವ್ಯರ್ಥವಾದ ಕರೆಂಟು, ಅಷ್ಟೇ. ಅದನ್ನು ಅಂಗೈಯಿಂದ ಓದಬಹುದೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಶೆಡ್ಡಿನ ಹಿಂದೆ, ಗುಜರಿಯ ರಾಶಿಯೊಳಗಿಂದ ಹಳೇ ದೀಪಗಳ ಜೋಡಿ ಹೊರತೆಗೆದು ಹಾಕಿಕೊಟ್ಟೆ. ಏವಿಸ್ ಟೀ ಮಗ್ಗು ಹಿಡಿದು ದೂರದಿಂದ ಎಲ್ಲವನ್ನೂ ನೋಡುತ್ತಿದ್ದಳು. ಏನು, ಯಾಕೆ ಎಂದು ನಾನೇ ಹೋಗಿ ಹೇಳಿದೆ. ಅವಳು ಕಾರು ಹತ್ತಿ ಕೂತಳು.

ಲೈಲ್ ಮೊದಲು ನೆಲಕ್ಕೆ ಮಲಗಿ ಚಕ್ರಕ್ಕೆ ಕಿವಿಯಿಟ್ಟ. ಕಾರಿನೊಳಗಿಂದ ಬ್ರೇಕಿನ ಗುಂಡಿ ಒತ್ತಿದರೆ ಚಕ್ರದೊಳಗಿನ ಅಯಸ್ಕಾಂತ ಸಣ್ಣಗೆ ಗುಂಯ್ ಎನ್ನುತ್ತದೆ. ಬಲಗಡೆ ಇದೆ ಎಂದ. ಎಡಗಡೆ ಹೋಗಿ ಮಲಗಿ, ಇದು ಮೂಕ ಎಂದ. ನೋಡಿದರೆ ಹೌದು, ಅಚ್ಚಿನ ಹತ್ತಿರ ಕಲ್ಲು ಹೊಡೆದು ತಂತಿ ತುಂಡಾಗಿತ್ತು. ನಾನು ಪ್ಲಗ್ಗು ಸರಿಮಾಡಿದ ಸಂಭ್ರಮದಲ್ಲಿ ಅದನ್ನು ನೋಡಿಯೇ ಇರಲಿಲ್ಲ. ಕೂಡಿಸಿ ಕೊಟ್ಟ ಮೇಲೆ ಅವನು ಮತ್ತೆ ಕಿವಿಯಿಟ್ಟು ತಲೆಯಾಡಿಸಿದ.

ಆಮೇಲೆ ಕ್ಯಾರವಾನಿನ ಹಿಂದೆ ಮೊಣಕಾಲೂರಿ, ಎರಡು ಕೈ ಚಾಚಿ, ಎರಡೂ ಕೆಂಪು ದೀಪಗಳ ಮೇಲೆ ಅಂಗೈ ಇಟ್ಟ. ಚಳಿಗೆ ಆ ದೀಪಗಳು ಕಲ್ಲಿನಷ್ಟು ತಣ್ಣಗಿದ್ದವು. ಅವನ ಹಣೆ ಕ್ಯಾರವಾನಿನ ತಗಡಿಗೆ ತಾಗಿತ್ತು. ಪಕ್ಕದ ಗಾಡಿಯವರು ತಮ್ಮ ಎಡ ಬಲದ ಜಗಳ ನಿಲ್ಲಿಸಿ ಇತ್ತ ನೋಡಿದರು. ಬಯಲಿನಲ್ಲಿ ಮರದ ಮೇಲಿನ ಗಲಾ ಹಕ್ಕಿಗಳ ಗದ್ದಲ ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಎಡ," ಎಂದ ಸ್ವಲ್ಪ ಹೊತ್ತಿನ ಮೇಲೆ, "ಬೆಚ್ಚಗಾಗ್ತಿದೆ." ಅಲ್ಲಿ ದೀಪ ಮಿಣುಕುತ್ತಿತ್ತು. ಬಲಕ್ಕೂ ಹಾಗೆಯೇ ಆಯಿತು.

ಉಳಿದದ್ದು ಬ್ರೇಕು. ಲೈಲ್ ಕಾದ. ನಾನು ದೀಪಗಳನ್ನು ನೋಡುತ್ತಿದ್ದೆ, ಹತ್ತಲಿಲ್ಲ. ಹೊಸ ಪ್ಲಗ್ಗು ನಾನೇ ಹಾಕಿದ್ದು, ಹಾಳಾಗಲು ಹೇಗೆ ಸಾಧ್ಯ ಎಂದು ತಲೆ ಓಡಿಸುತ್ತಿದ್ದೆ. ಬಾಯಿ ತೆರೆಯಲು ಹೋದವನು ಲೈಲ್‌ನ ಮುಖ ನೋಡಿ ಸುಮ್ಮನಾದೆ. ಅವನ ತುಟಿ ಅಲುಗುತ್ತಿತ್ತು. ಬದುಕಿನುದ್ದಕ್ಕೂ ಹೇಳಿ ಅಭ್ಯಾಸವಾದ ಒಂದು ಮಾತು ಅವನ ಬಾಯಿಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಹೊರಡಬಹುದಿತ್ತು, ಹೇಳದಿದ್ದರೆ ಮನೆಗೆ ಮರಳಬೇಕಾಗಬಹುದಿತ್ತು. ಅವನ ಅಂಗೈಗಳು ಮಾತ್ರ ಕದಲಲಿಲ್ಲ.

"ಏನೂ ಇಲ್ಲ ಏವಿಸ್," ಎಂದ ಕೊನೆಗೆ. "ತಣ್ಣಗಿದೆ."

ನಾನು ಮುಂದೆ ಹೋಗಿ ನೋಡಿದರೆ ಅವಳು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ, ಪಕ್ಕದಲ್ಲಿ ನೆಲದ ಮೇಲಿತ್ತು. ಕಣ್ಣೊರೆಸಿಕೊಂಡು ಇಳಿದು ಹಿಂದೆ ಹೋದಳು. ಅವನು ಇನ್ನೂ ಮೊಣಕಾಲೂರಿ ಕೂತಿದ್ದ.

"ನಾನು ಒತ್ತಿರಲಿಲ್ಲ ಕಣೋ," ಎಂದಳು.

"ಅದಕ್ಕೇ ತಣ್ಣಗಿತ್ತು," ಎಂದ ಅವನು.

ಅವಳು ಮರಳಿ ಹೋಗಿ ಬ್ರೇಕ್ ಒತ್ತಿದಳು. ಕೆಂಪು ಬೆಳಕು ಅವನ ಬೆರಳುಗಳ ಸಂದಿಯಿಂದ ಹೊರಬಂತು. ಅವನಿಗೆ ಅದು ಕಾಣದು, ನಮಗೆ ಕಾಣುತ್ತಿತ್ತು. ಬೆಚ್ಚಗಾಗುವವರೆಗೂ ಕಾದು ಕೂಗಿದ. ಅವನು ಹತ್ತಿ ಕೂತ ಮೇಲೆ ಕ್ಯಾರವಾನ್ ಗೇಟು ದಾಟಿತು, ದಕ್ಷಿಣಕ್ಕೆ ತಿರುಗುತ್ತದೆಯೋ ಉತ್ತರಕ್ಕೋ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಉತ್ತರಕ್ಕೆ ತಿರುಗಿತು.

ಮರಳಿ ಬರುವಾಗ ಮತ್ತೆ ನನ್ನಲ್ಲಿ ತಂಗಿದರು. ಮೂವರೂ ಇಲ್ಲಿನ ಕಾಡು ಹಣ್ಣು ಕ್ವಾಂಡಾಂಗಿನ ಕಡುಬು ತಿನ್ನುತ್ತಾ ಕೂತಿದ್ದಾಗ, ಸರೋವರ ಏನಾದರೂ ಕಂಡಿತೇ ಎಂದು ಲೈಲ್‌ನನ್ನು ಕೇಳಿದೆ. ಕೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು. ಅವನು ಕಡುಬು ಕೆಳಗಿಟ್ಟು ಎರಡು ಕೈಗಳನ್ನೂ ಅಗಲಕ್ಕೆ ಚಾಚಿದ.

"ಸುತ್ತ ನೀರು ಕಣೋ. ಆ ಕಡೆ ಈ ಕಡೆ, ಕಣ್ಣಂಚಿನ ತನಕ ಬರೀ ಬೆಳ್ಳಗೆ ನೀರು. ನಟ್ಟನಡುವೆ ಮಾತ್ರ ಏನೂ ಕಾಣಲಿಲ್ಲ. ಅಲ್ಲಿ ನಾನು ನಿಂತಿದ್ದೀನಿ ಅಂದಳು ಏವಿಸ್." ಅವನು ಅವಳು ಕೂತ ಕಡೆ ತಿರುಗಿದ. "ಸರಿ ಅಂದೆ."