ಮೂಸದ ಮಲ್ಲಿಗೆ

ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಅಣ್ಣ ಒಂದು ಮೊಗ್ಗನ್ನು ಮೂಸಿ ಮತ್ತೆ ಬುಟ್ಟಿಗೆ ಹಾಕಿದ. ಮಲ್ಲಿಗೆ ಕಟ್ಟುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಅರವತ್ತರ ದಶಕದ ಶಂಕರಪುರದಲ್ಲಿ ನಮ್ಮ ಮನೆ ನಡೆಯುತ್ತಿದ್ದುದೇ ಉಡುಪಿಯ ದೇವಸ್ಥಾನಗಳಿಗೆ ಹೋಗುವ ಆ ಹೂವಿನಿಂದ.

"ಮೂಸಿದರೆ ಹೂವಿಗೆ ಎಂತ ಆಗ್ತದೆ? ನಮ್ಮ ಇಗರ್ಜಿಯ ಪಾದ್ರಿಗಳೂ ಅದು ಪಾಪ ಅಂತ ಹೇಳಿಲ್ಲ" ಎಂದ ಅಣ್ಣ.

"ಇರಬಹುದು ಪುತಾ. ಆದರೆ ಯಾರೂ ಮೂಸಿಲ್ಲ ಅಂತ ನಂಬಿ ಅಲ್ವಾ ದೇವಸ್ಥಾನದವರು ನಮ್ಮ ಹೂವನ್ನು ದೇವರಿಗೆ ಇಡುವುದು?"

ಮೂಸಿದ ಮೊಗ್ಗು ಯಾವುದೆಂದು ತಿಳಿಯುವಂತಿರಲಿಲ್ಲ. ಅಮ್ಮ ಇಡೀ ಬುಟ್ಟಿಯನ್ನೇ ಒಳಗಿಟ್ಟರು. ಹೂ ಒಯ್ಯಲು ಬಂದವರು ಬರಿಗೈಯಲ್ಲಿ ಮರಳಿದರು.

ಅಂದು ನಾವು ಅಕ್ಕತಂಗಿಯರು ತಲೆತುಂಬ ಮಲ್ಲಿಗೆ ಮುಡಿದೆವು. ಅಣ್ಣ ನಮ್ಮತ್ತ ನೋಡಲಿಲ್ಲ. ಬೇರೆಯವರ ದೇವರಿಗೆ ಹೋಗುವ ಹೂ ಕೈಯಲ್ಲಿದ್ದರೆ, ಇಂದಿಗೂ ನಾನು ಮುಖ ಆಚೆ ತಿರುಗಿಸಿಯೇ ಉಸಿರೆಳೆಯುತ್ತೇನೆ.